ಸಾಂಕ್ರಾಮಿಕ ರೋಗವೂ ಸಂಚಾರಸೌಖ್ಯವೂ

ಸಂಸ್ಕೃತದಲ್ಲಿ ‘ಕ್ರಮ್’ ಎಂಬ ಧಾತುವಿಗೆ ಹೆಜ್ಜೆಯಿಡು, ನಡೆ ಎಂಬ ಅರ್ಥವುಂಟು. ‘ಸಮ್’ ಎಂಬ ಉಪಸರ್ಗವು ಅದರೊಡನೆ ಸೇರಿದಾಗ ಒಂದೆಡೆಯಿಂದ ಮತ್ತೊಂದೆಡೆಗೆ ದಾಟುವುದು ಎಂಬ ಅರ್ಥವು ಲಭಿಸುತ್ತದೆ. ಸೂರ್ಯನು ರಾಶಿಯಿಂದ ರಾಶಿಗೆ ದಾಟುವುದು ಸಂಕ್ರಾಂತಿ. ದೇಹದಿಂದ ದೇಹಕ್ಕೆ ದಾಟುವ ರೋಗವು ಸಾಂಕ್ರಾಮಿಕ. ಹೀಗೆ ರೋಗಕ್ಕೂ ಸಂಚಾರಕ್ಕೂ ಶಬ್ದದಲ್ಲಿಯೇ ನಂಟಿರುವುದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆನಾದರೂ, ಅದರ ತಾತ್ಪರ್ಯವು ನನಗೆ ಮನದಟ್ಟಾದುದು 2020ನೆಯ ಇಸವಿಯಲ್ಲಿ.

ನಮ್ಮ ಶಾಲೆಯಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿರುವ ಶಿಷ್ಯನೊಬ್ಬನು ಆ ವರ್ಷದ ಏಪ್ರಿಲ್ ತಿಂಗಳಿಗೆಂದು ತನ್ನ ತಂದೆತಾಯಿಗಳಿಗೆ ವಿಮಾನದ ಟಿಕೇಟು ಕೊಂಡಿದ್ದನು. ಮೊಮ್ಮಕ್ಕಳೊಡನೆ ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೋ ನಗರದ ಬಳಿಯಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿನೋದೋದ್ಯಾನವನ್ನು ನೋಡಿಬರುವುದು ಆ ವೃದ್ಧದಂಪತಿಗಳ ಸಂಕಲ್ಪವಾಗಿತ್ತು. ಪ್ರಯಾಣವು ನಿಂತುಹೋಯಿತು. ಲಾಕ್‌ಡೌನ್ ಸಡಿಲಗೊಂಡ ಬಳಿಕ ಒಂದು ಸಂಜೆ ಆ ಹಿರಿಯರು ನಮ್ಮ ಮನೆಯ ಕಟ್ಟೆಯ ಮೇಲೆ ದೂರದಲ್ಲಿ ಕುಳಿತು, “ವಿಮಾನ ಹಾರಲಿಲ್ಲ, ನಾವು ಹೋಗಲಿಲ್ಲ. ಹಂಗಾದ್ರ ಮಗಾ ಕೊಟ್ಟ ರೊಕ್ಕ ಎಲ್ಲಿ ಹೋತ್ರಿ ಗುರುಗಳ?” ಎಂದು ಕೇಳಿದರು. ಅಂದು ನನ್ನಿಂದ ಸಮರ್ಪಕವಾದ ಉತ್ತರವನ್ನು ಕೊಡಲಾಗಲಿಲ್ಲ. ಅನಂತರ ಓದಿ ಕೇಳಿ ತಿಳಿದುದನ್ನು ವಾಚಕರ ಮುಂದೆ ಇಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಘಟನೆಗಳ ಅನುಕ್ರಮವನ್ನು ನೋಡೋಣ. ಡಿಸ್ನಿ ಸಂಸ್ಥೆಯ ಉದ್ಯಾನಗಳಲ್ಲಿ ಮೊದಲು ಬಾಗಿಲು ಮುಚ್ಚಿದುದು ಚೀನಾದ ಶಾಂಘೈ ನಗರದ್ದು. ಅದು 2020ರ ಜನವರಿ 25ರಂದು. ಮರುದಿನವೇ ಹಾಂಗ್‌ಕಾಂಗಿನ ಉದ್ಯಾನವೂ, ಫೆಬ್ರವರಿ 29ರಂದು ಟೋಕಿಯೋ ನಗರದ ಉದ್ಯಾನವೂ ಮುಚ್ಚಿದುವು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ಮಹಾಮಾರಿಯೆಂದು ವರ್ಣಿಸಿತು. ಅದಾದ ಒಂದು ವಾರದೊಳಗೆ ಕ್ಯಾಲಿಫೋರ್ನಿಯ, ಫ್ಲಾರಿಡಾ, ಪ್ಯಾರಿಸ್ ಈ ಮೂರೆಡೆಗಳ ಉದ್ಯಾನಗಳೂ ನಿಶ್ಶಬ್ದವಾದುವು. ಭಾರತ ಸರಕಾರವು ಅದೇ ತಿಂಗಳ ಕೊನೆಯ ಭಾಗದಲ್ಲಿ ಮೊದಲು ವಿದೇಶಗಳ, ಬಳಿಕ 25ರಿಂದ ದೇಶದೊಳಗಿನ ವಿಮಾನ ಸಂಚಾರವನ್ನು ನಿಲ್ಲಿಸಿತು. ದೇಶದೊಳಗಿನ ಸಂಚಾರವು ಎರಡು ತಿಂಗಳ ಬಳಿಕ ಮೇ 25ರಂದು ಆರಂಭವಾಯಿತಾದರೂ, ನಿಯತವಾದ ಅಂತರರಾಷ್ಟ್ರೀಯ ಸಂಚಾರವು ಪುನಃ ತೊಡಗಿದುದು 2022ರ ಮಾರ್ಚ್ 27ರಂದು. ನಡುವಣ ಕಾಲದಲ್ಲಿ ಕೆಲವು ದೇಶಗಳೊಡನೆ ಮಾಡಿಕೊಂಡ ವಿಶೇಷ ಒಪ್ಪಂದದಂತೆ ಮಿತವಾದ ವಿಮಾನಗಳು ಮಾತ್ರ ಹಾರಾಡುತ್ತಿದ್ದುವು.

ಈ ಎರಡು ಉದ್ಯಮಗಳಿಗೇ ಪೆಟ್ಟು ಇಷ್ಟು ಬಲವಾಗಿ ಬಿದ್ದುದೇಕೆ? ಇವೆರಡೂ ಮಾರುವ ಸರಕು ಕೂಡಿಡಲು ಬಾರದಂತಹುದು. ಅಕ್ಕಿಯ ವ್ಯಾಪಾರಿಯು ಇಂದು ಮಾರದ ಮೂಟೆಯನ್ನು ನಾಳೆ ಮಾರಬಹುದು. ಹಾರಿಹೋದ ವಿಮಾನದ ಖಾಲಿ ಆಸನವನ್ನು ಮರುದಿನ ಮಾರುವಂತಿಲ್ಲ. ತೇರಿನ ದಿನ ಮಳೆ ಹೊಡೆದರೆ ಬೆಂಡುಬತ್ತಾಸಿನ ಅಂಗಡಿಯವನ ಪಾಡು ಏನಾಗುವುದೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಎರಡನೆಯ ಕಾರಣವು ಇನ್ನೂ ಗಹನವಾದುದು. ಜನಸಂದಣಿಯೇ ಇವುಗಳ ಜೀವಾಳ. ಸರದಿಯ ಸಾಲು, ಪಕ್ಕಪಕ್ಕದ ಆಸನ, ಎಲ್ಲರೂ ಹಿಡಿಯುವ ಒಂದೇ ಸರಳು — ಯಾವುದು ಲಾಭಕ್ಕೆ ಮೂಲವೋ ಅದೇ ರೋಗಕ್ಕೂ ದಾರಿಯಾಯಿತು.

ಇವೆರಡೂ ಒಂದನ್ನೊಂದು ಆಶ್ರಯಿಸಿರುವುದಕ್ಕೆ ಆರ್ಲ್ಯಾಂಡೋ ನಗರವೇ ನಿದರ್ಶನ. 2019ರಲ್ಲಿ ಅಲ್ಲಿಯ ವಿಮಾನ ನಿಲ್ದಾಣವನ್ನು 5 ಕೋಟಿಗೂ ಮಿಕ್ಕ ಪ್ರಯಾಣಿಕರು ಬಳಸಿದ್ದರು. 2020ರಲ್ಲಿ ಆ ಸಂಖ್ಯೆಯು ಸುಮಾರು 2 ಕೋಟಿ 16 ಲಕ್ಷಕ್ಕೆ ಇಳಿಯಿತು. ಜಗತ್ತಿನ ಒಟ್ಟು ಲೆಕ್ಕವೂ ಹೀಗೆಯೇ: 2019ರಲ್ಲಿ ಸುಮಾರು 450 ಕೋಟಿಯಷ್ಟಿದ್ದ ವಿಮಾನ ಪ್ರಯಾಣಿಕರ ಸಂಖ್ಯೆಯು ಮರುವರ್ಷ 180 ಕೋಟಿಗೆ ಕುಸಿಯಿತು.

ನಿಂತ ಮಾತ್ರಕ್ಕೆ ವೆಚ್ಚವು ನಿಲ್ಲುವುದಿಲ್ಲವೆಂಬುದು ಇಲ್ಲಿ ಗಮನಾರ್ಹ. ಡಿಸ್ನಿ ವರ್ಲ್ಡ್‌ನ ಒಂದು ಉದ್ಯಾನದಲ್ಲಿ ಜೀವಂತ ಪ್ರಾಣಿಗಳಿವೆ; ನೋಡುವವರಿಲ್ಲವೆಂದು ಆನೆ ಜಿರಾಫೆಗಳು ಉಪವಾಸವಿರಲಾರವು. ವಿಮಾನಗಳನ್ನು ಗಾಳಿಯಲ್ಲಿ ತೇವವು ಕಡಿಮೆಯಿರುವ ಸ್ಥಳಗಳಿಗೆ, ಅಂದರೆ ಸ್ಪೇನ್ ದೇಶದ ತೆರುಯೆಲ್, ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್ ಮುಂತಾದೆಡೆಗೆ ಒಯ್ದು ಸಾಲಾಗಿ ನಿಲ್ಲಿಸಿದರು. ಅಲ್ಲಿ ಅವುಗಳ ಎಂಜಿನುಗಳ ಬಾಯಿಗೆ ಹೊದಿಕೆ ಹಾಕಿ, ಚಕ್ರಗಳನ್ನು ಆಗಾಗ ಉರುಳಿಸಿ ಕಾಪಾಡಬೇಕಾಯಿತು. ವಿಮಾನಚಾಲಕರಿಗಾದರೋ, ತೊಂಬತ್ತು ದಿನಗಳೊಳಗೆ ಕನಿಷ್ಠ ಮೂರು ಬಾರಿ ವಿಮಾನವನ್ನು ಏರಿಸಿ ಇಳಿಸಿರಬೇಕೆಂಬ ನಿಯಮವು ಅನೇಕ ದೇಶಗಳಲ್ಲಿದೆ. ನೆಲದ ಮೇಲಿನ ಕೃತಕಯಂತ್ರದಲ್ಲಿಯಾದರೂ ಅಭ್ಯಾಸವನ್ನು ಉಳಿಸಿಕೊಳ್ಳಬೇಕಾಯಿತು. ಇದಲ್ಲದೆ ಪ್ರಯಾಣಿಕರ ವಿಮಾನಗಳು ತಮ್ಮ ಹೊಟ್ಟೆಯಲ್ಲಿ ಸರಕನ್ನೂ ಹೊರುತ್ತವೆಯಾಗಿ, ಅವು ನಿಂತೊಡನೆ ಔಷಧಾದಿಗಳ ಸಾಗಣೆಯೂ ದುಬಾರಿಯಾಯಿತು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ರೊಕ್ಕವು ಎಲ್ಲಿ ಹೋಯಿತು? ನಾವು ತಿಂಗಳುಗಳ ಮುಂಚೆ ಕೊಟ್ಟ ಹಣವನ್ನು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಬೇರೆಯಾಗಿ ಕಟ್ಟಿಡುವುದಿಲ್ಲ. ಇಂದಿನ ಇಂಧನಕ್ಕೂ ಸಂಬಳಕ್ಕೂ ಬಳಸುತ್ತವೆ. ನಾಳೆ ಬರುವ ಹೊಸ ಪ್ರಯಾಣಿಕರ ಹಣವು ನಮ್ಮ ಪ್ರಯಾಣವನ್ನು ನಡೆಸಿಕೊಡುತ್ತದೆ. ಹೊಳೆಗೆ ನೀರು ಬರುತ್ತಿರುವವರೆಗೆ ಮಡುವು ತುಂಬಿರುತ್ತದೆ. ಹರಿವು ನಿಂತು, ಎಲ್ಲರೂ ಒಮ್ಮೆಲೇ ಕೊಡ ಹಿಡಿದು ಬಂದಾಗ ತಳ ಕಾಣಿಸಿತು. ಆದಕಾರಣವೇ ಅನೇಕ ಸಂಸ್ಥೆಗಳು ನಗದಿನ ಬದಲಾಗಿ ಮುಂದೆ ಬಳಸಬಹುದಾದ ಚೀಟಿಯನ್ನು ಕೊಡಮಾಡಿದುವು. ವಿಮಾನವನ್ನು ರದ್ದುಪಡಿಸಿದವರು ಹಣವನ್ನು ಹಿಂದಿರುಗಿಸಲೇಬೇಕೆಂದು ಅಮೆರಿಕದ ಸಾರಿಗೆ ಇಲಾಖೆಯು 2020ರ ಏಪ್ರಿಲ್ 3ರಂದು ನೆನಪಿಸಬೇಕಾಯಿತು. ಭಾರತದ ಸರ್ವೋಚ್ಚ ನ್ಯಾಯಾಲಯವೂ ಅದೇ ವರ್ಷದ ಅಕ್ಟೋಬರ್ 1ರಂದು ಟಿಕೇಟಿನ ಹಣದ ವಾಪಸಾತಿಯ ಬಗ್ಗೆ ತೀರ್ಪನ್ನಿತ್ತಿತು.

ಆದರೆ ಪ್ರಯಾಣಿಕನ ನಷ್ಟಕ್ಕಿಂತ ಘೋರವಾದುದು ದುಡಿಯುವವರ ನಷ್ಟ. 2020ರ ಸೆಪ್ಟೆಂಬರಿನಲ್ಲಿ ಡಿಸ್ನಿ ಸಂಸ್ಥೆಯು ಉದ್ಯಾನಗಳೇ ಮೊದಲಾದ ವಿಭಾಗಗಳಿಂದ 28,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಸಾರಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅರೆಕಾಲಿಕ ನೌಕರರು. ನಮಗೆ ತಪ್ಪಿದುದು ವಿಹಾರ, ಅವರಿಗೆ ತಪ್ಪಿದುದು ಅನ್ನ. ಈ ಭೇದವನ್ನು ನಾವು ಮರೆಯಲಾಗದು.

ಪುನರಾರಂಭವೂ ಸುಗಮವಾಗಿರಲಿಲ್ಲ. ಫ್ಲಾರಿಡಾದ ಉದ್ಯಾನಗಳು ನಾಲ್ಕು ತಿಂಗಳ ಬಳಿಕ, 2020ರ ಜುಲೈ 11ರಿಂದ, ಮುಖಗವಸು, ಜ್ವರದ ತಪಾಸಣೆ, ಮುಂಗಡ ಕಾಯ್ದಿರಿಸುವಿಕೆ ಈ ನಿಯಮಗಳೊಡನೆ ತೆರೆದುಕೊಂಡುವು. ಮೆರವಣಿಗೆಯೂ ಇಲ್ಲ, ಬಾಣಬಿರುಸೂ ಇಲ್ಲ. ಅದೇ ದೇಶದ ಕ್ಯಾಲಿಫೋರ್ನಿಯದಲ್ಲಿ, 1955ರಲ್ಲಿ ಆರಂಭವಾದ ಮೊತ್ತಮೊದಲ ಡಿಸ್ನಿಲ್ಯಾಂಡ್, 2021ರ ಏಪ್ರಿಲ್ 30ರವರೆಗೆ ಮುಚ್ಚಿಯೇ ಇದ್ದಿತು. ರೋಗವು ಒಂದೇ ಆದರೂ ರಾಜ್ಯ ರಾಜ್ಯಗಳ ನಿರ್ಣಯಗಳು ಬೇರೆಯಾಗಿದ್ದುವು. ಶಾಂಘೈ ನಗರದಲ್ಲಂತೂ 2022ರ ಅಕ್ಟೋಬರ್ 31ರಂದು ಉದ್ಯಾನದ ಬಾಗಿಲನ್ನು ಹಠಾತ್ತನೆ ಮುಚ್ಚಿ, ಪರೀಕ್ಷೆಯಲ್ಲಿ ರೋಗವಿಲ್ಲವೆಂದು ತಿಳಿದುಬಂದ ಬಳಿಕವೇ ಒಳಗಿದ್ದವರನ್ನು ಹೊರಗೆ ಬಿಟ್ಟರು.

ನಮ್ಮ ಹಿರಿಯರ ಟಿಕೇಟಿನ ಹಣವು ಎಂಟು ತಿಂಗಳ ತರುವಾಯ ಮಗನಿಗೆ ಮರಳಿ ಬಂದಿತು. ಆದರೆ ವಿಶೇಷ ವಿಮಾನಗಳಲ್ಲಿ ಹೋಗಲು ವೃದ್ಧರು ಅಂಜಿದರು. 2021ರ ಬೇಸಗೆಯಲ್ಲಿ ಎರಡನೆಯ ಅಲೆಯು ಅವರನ್ನೇ ಒಯ್ದಿತು. ಮಗನು ಬಂದು ತಲುಪಲಾಗಲಿಲ್ಲ. ಮರುವರ್ಷ ವಿಮಾನಗಳು ತೊಡಗಿದ ಮೇಲೆ ತಾಯಿಯೊಬ್ಬಳೇ ಹೋಗಿ ಬಂದಳು. ಉದ್ಯಾನದ ವಿಚಾರವನ್ನು ಕೇಳಿದರೆ, ಮೊಮ್ಮಕ್ಕಳು ಕೈ ಹಿಡಿದು ನಡೆಸಿದರೆಂದಷ್ಟೇ ಆಕೆ ಹೇಳಿದಳು.

ರಜೆಯ ವಿಹಾರವೆಂಬುದು ಹಗುರವಾದ ವಿಷಯವೆಂದು ನಾನು ಹಿಂದೆ ಭಾವಿಸಿದ್ದೆನು. ದೂರದೇಶಗಳಲ್ಲಿ ಮಕ್ಕಳನ್ನುಳ್ಳ ಮನೆಗಳಿಗೆ ವಿಮಾನವು ವಿಲಾಸವಲ್ಲ, ಕುಟುಂಬವನ್ನು ಕೂಡಿಸುವ ಸೇತುವೆ. ಹೊರನಾಡಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಟಿಕೇಟು ಕೊಳ್ಳುವ ಮೊದಲು ಹಣ ಹಿಂದಿರುಗಿಸುವ ನಿಯಮವನ್ನು ಓದಿರಿ; ಆದರೆ ತಂದೆತಾಯಿಗಳನ್ನು ಕಾಣುವ ಕಾರ್ಯವನ್ನು ಮುಂದಿನ ವರ್ಷಕ್ಕೆಂದು ಕಾಯ್ದಿರಿಸದಿರಿ.