ಹರಕೆಯೂ ಇರಲಿ, ಇನ್ಸುಲಿನ್ ತಪ್ಪದಿರಲಿ

‘ನಾನೇನು ಪಾಪ ಮಾಡಿದ್ದೆ?’ ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ ಮಧುಮೇಹಕ್ಕೆ ಸಿಕ್ಕಿದ ಮಕ್ಕಳನ್ನು ಕಾಡುವ ಪ್ರಶ್ನೆಗಳಲ್ಲಿ ಇದೂ ಒಂದು. ಓರಗೆಯವರು ಜಾತ್ರೆಯಲ್ಲಿ ಬೆಂಡು-ಬತ್ತಾಸು ಮೆಲ್ಲುವಾಗ ತಾನೊಬ್ಬನೇ ಸೂಜಿಯ ಲೆಕ್ಕ ಹಾಕಬೇಕೆಂದರೆ ಈ ಪ್ರಶ್ನೆ ಸಹಜವೇ. ‘ಪೂರ್ವಜನ್ಮದ ಕರ್ಮ’ ಎಂದು ಹಿರಿಯರು ನಿಟ್ಟುಸಿರು ಬಿಟ್ಟರಂತೂ ಗಾಯದ ಮೇಲೆ ಬರೆ ಎಳೆದಂತೆ.

ವಿಜ್ಞಾನದ ಉತ್ತರ ಬೇರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಟೈಪ್ 1 ಮಧುಮೇಹ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಜೀವಕೋಶಗಳನ್ನು ನಾಶಮಾಡುತ್ತದೆ. ಇನ್ಸುಲಿನ್ ತಯಾರಾಗುವುದು ಆ ಕೋಶಗಳಲ್ಲೇ. ಇದು ಸಿಹಿ ತಿಂದು ಬಂದದ್ದಲ್ಲ, ತಂದೆತಾಯಿಯರ ತಪ್ಪಲ್ಲ, ಯಾರ ಶಾಪವೂ ಅಲ್ಲ.

ಒಂದು ಕಾಲಕ್ಕೆ ಈ ಕಾಯಿಲೆಗೆ ಅರೆಹೊಟ್ಟೆಯ ಪಥ್ಯವೊಂದೇ ಉಪಾಯವಾಗಿತ್ತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಚುಚ್ಚಲಾಯಿತು. ಮೊದಲ ಮದ್ದು ಅಷ್ಟಾಗಿ ಫಲಿಸಲಿಲ್ಲ. 12 ದಿನಗಳ ನಂತರ ಶುದ್ಧೀಕರಿಸಿದ ಮದ್ದು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮುಂದೆ 13 ವರ್ಷ ಬದುಕಿದ.

ಹಾಗಾದರೆ ಪ್ರಾರ್ಥನೆಗೆ ಕೆಲಸವಿಲ್ಲವೇ? ಖಂಡಿತ ಇದೆ. ಕಷ್ಟಕಾಲದ ಭಕ್ತಿಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಎರಡು ಬಗೆಗಳನ್ನು ಗುರುತಿಸಿದ್ದಾರೆ. ‘ದೇವರು ನನ್ನ ಜೊತೆಗಿದ್ದಾನೆ’ ಎಂಬುದು ಒಂದು. ‘ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ’ ಎಂಬುದು ಇನ್ನೊಂದು. ಮೊದಲನೆಯದು ಧೈರ್ಯ ತುಂಬುತ್ತದೆ. ಎರಡನೆಯದು ಇರುವಲ್ಲಿ ಖಿನ್ನತೆಯೂ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ‘ಕರ್ಮ’ದ ಮಾತು ಮಕ್ಕಳನ್ನು ದೂಡುವುದು ಈ ಎರಡನೆಯ ದಾರಿಗೇ.

ಇನ್ನೊಂದು ಎಚ್ಚರಿಕೆಯೂ ಬೇಕು. ಏಕಾದಶಿಯೆಂದು ಊಟ ಬಿಟ್ಟು ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ ಬಂದು ಪ್ರಜ್ಞೆಯೂ ತಪ್ಪಬಹುದು. ಹರಕೆಯ ನಂಬಿಕೆಯಲ್ಲಿ ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲಗಳು ತುಂಬಿ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಕುತ್ತು ಬರಬಹುದು. ಧರ್ಮಗಳೂ ಇಂಥ ಹಟ ಬೇಡುವುದಿಲ್ಲ. ರಂಜಾನ್ ಉಪವಾಸದಿಂದ ಕಾಯಿಲೆಯವರಿಗೆ ಕುರ್‌ಆನ್‌ನಲ್ಲೇ ವಿನಾಯಿತಿ ಇದೆ. ವ್ರತ ಮಾಡಲೇಬೇಕೆನಿಸಿದರೆ ಮೊದಲು ವೈದ್ಯರನ್ನು ಕೇಳಿ.

ಊಟಕ್ಕೆ ಮುಂಚೆ ಕೈಮುಗಿಯುವ ರೂಢಿ ಎಷ್ಟೋ ಮನೆಗಳಲ್ಲಿದೆ. ಸಕ್ಕರೆ ಪರೀಕ್ಷೆಗೂ ಇನ್ಸುಲಿನ್‌ಗೂ ಅದೇ ಹೊತ್ತನ್ನು ಗೊತ್ತುಮಾಡಿಕೊಂಡರೆ ಎರಡೂ ತಪ್ಪುವುದಿಲ್ಲ. ಮನಸ್ಸಿಗೆ ಬೇಕಾದ ಬಲ ಪ್ರಾರ್ಥನೆಯಿಂದ ಬರಲಿ. ದೇಹಕ್ಕೆ ಬೇಕಾದದ್ದು ಮದ್ದಿನಿಂದಲೇ ಬರಬೇಕು.