ಅಲುಗದ ಮೇಜು: ಮನೆಯ ಯಂತ್ರಶಾಲೆಗೆ ಮೊದಲ ಸಾಧನ

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ ಚಾಲುಕ್ಯರ ಕಾಲದ ನಗರೇಶ್ವರ ದೇವಾಲಯವುಂಟು. ಅರವತ್ತು ಕಂಬದ ಗುಡಿಯೆಂದು ಜನರು ಅದನ್ನು ಕರೆಯುತ್ತಾರೆ. ಆ ಕಂಬಗಳನ್ನಾಗಲಿ, ಹಾನಗಲ್ಲಿನ ತಾರಕೇಶ್ವರ ಗುಡಿಯ ಕಂಬಗಳನ್ನಾಗಲಿ ಹತ್ತಿರದಿಂದ ಕಂಡ ವಾಚಕರಿಗೆ ಒಂದು ಸಂಗತಿ ಹೊಳೆದಿರಬೇಕು. ಬಳೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಆ ಸುತ್ತುಗಳು ಬರಿಯ ಉಳಿ ಸುತ್ತಿಗೆಗಳಿಂದ ಬಂದವಲ್ಲ. ಕಲ್ಲನ್ನು ತಿರುಗಿಸುತ್ತ ಕಡೆದುದರಿಂದ ಬಂದವು ಎಂದು ಬಲ್ಲವರು ಹೇಳುತ್ತಾರೆ. ಅಷ್ಟು ಭಾರದ ಕಲ್ಲು ತಿರುಗುವಾಗ ಅದರ ಆಧಾರ ಓಲಾಡಿದ್ದರೆ ಬಳೆಗಳೆಲ್ಲ ಸೊಟ್ಟಗಾಗುತ್ತಿದ್ದವು.

ಇಂದು ಅದೇ ಸೀಮೆಯಲ್ಲಿ ಹಿತ್ತಲ ಕೋಣೆಯೊಂದರಲ್ಲಿ ಸಣ್ಣ ಲೇಥು, ಒಂದು ಬೈರಿಗೆ ಯಂತ್ರ, ಒಂದು ವೈಸು ಇಟ್ಟುಕೊಂಡು, ಪಂಪಿನ ಶಾಫ್ಟನ್ನೋ ಕೂರಿಗೆಯ ಭಾಗವನ್ನೋ ತಾನೇ ಸರಿಪಡಿಸಬಯಸುವವನ ಮುಂದಿರುವ ಪ್ರಶ್ನೆಯೂ ಇದೇ. ಯಂತ್ರಕ್ಕೆ ಸಾವಿರಾರು ರೂಪಾಯಿ ತೆತ್ತವರು ಅದನ್ನು ಊಟದ ಮೇಜಿನಂತಹ ಬಡಕಲು ಪೀಠದ ಮೇಲೆ ಕೂಡಿಸಿರುವುದನ್ನು ನಾವು ಕಂಡಿದ್ದೇವೆ. ಕೆಲಸ ಕೆಟ್ಟಾಗ ಬೈಗಳು ಮಾತ್ರ ಯಂತ್ರಕ್ಕೆ!

ಮೇಜು ಎರಡು ಬಗೆಯಾಗಿ ಸೋಲುತ್ತದೆ. ಹಲಗೆ ಬಾಗುವುದು ಒಂದು, ಕಾಲುಗಳು ಓಲಾಡುವುದು ಇನ್ನೊಂದು. ಬಾಗುವಿಕೆಯ ಲೆಕ್ಕ ಸುಲಭ: ಹಲಗೆಯ ದಪ್ಪವನ್ನು ಇಮ್ಮಡಿಸಿದರೆ ಬಾಗು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ, ಮುಮ್ಮಡಿಸಿದರೆ ಇಪ್ಪತ್ತೇಳರಲ್ಲೊಂದು ಪಾಲಿಗೆ. ಒಂದು ಅಂಗುಲದ ಹಲಗೆಗೂ ಮೂರು ಅಂಗುಲದ ಹಲಗೆಗೂ ಇರುವ ಅಂತರ ಇಷ್ಟು ದೊಡ್ಡದು. ಓಲಾಟಕ್ಕೆ ದಪ್ಪವೊಂದೇ ಮದ್ದಲ್ಲ. ನಾಲ್ಕು ಕಡ್ಡಿಗಳ ಚೌಕವನ್ನು ಪಕ್ಕಕ್ಕೆ ತಳ್ಳಿದರೆ ಅದು ವಾಲಿ ಓರೆಯಾಗುತ್ತದೆ, ಮೂರು ಕಡ್ಡಿಗಳ ತ್ರಿಕೋಣ ಹಾಗಾಗದು. ಅರವನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುವಾಗ ಮೇಜು ಅನುಭವಿಸುವುದು ಇದೇ ತಳ್ಳಾಟ. ಆದಕಾರಣ ಎರಡು ಪಕ್ಕಗಳಿಗೂ ಓರೆಯ ಆಸರೆ ಕೊಡಬೇಕು. ಹಿಂಬದಿಯನ್ನು ಹಲಗೆ ಬಡಿದು ಪೂರ್ತಿ ಮುಚ್ಚಬೇಕು.

ನಮ್ಮ ಅಳತೆ ಹೀಗೆ: ಐದು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಅಂಗುಲ ದಪ್ಪದ ಮೇಲ್ಭಾಗ; ನಾಲ್ಕು ಅಂಗುಲ ಚೌಕದ ಕಾಲುಗಳು; ಅವುಗಳನ್ನು ಕೂಡಿಸುವ ಆರು ಅಂಗುಲ ಅಗಲದ ಅಡ್ಡಪಟ್ಟಿಗಳು. ಕೂಡಿಕೆಗಳಿಗೆ ಮೊಳೆ ಸಲ್ಲದು. ಅಗಲವಾದ ವಾಷರು ಕೊಟ್ಟು ಬೋಲ್ಟು ಬಿಗಿಯಬೇಕು, ಮರ ಒಣಗಿ ಸಡಿಲಿದಾಗ ಮತ್ತೆ ಬಿಗಿಯಬಹುದು. ಎತ್ತರವನ್ನು ಪುಸ್ತಕದಿಂದ ಎತ್ತಿಕೊಳ್ಳಬಾರದು. ನೆಟ್ಟಗೆ ನಿಂತು ಮೊಣಕೈ ಮಡಿಚಿದರೆ ವೈಸಿನ ದವಡೆ ಅದರ ಮಟ್ಟಕ್ಕೆ ಬರಬೇಕು.

ಮರ ಯಾವುದು? ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಬೃಹದ್ಗಾತ್ರದ ಮರಗಳನ್ನು ನೋಡಿದವರಿಗೆ ಅಂತಹ ಕಾಂಡದ ಒಂದೇ ಸೀಳು ಸಾಕೆನಿಸಬಹುದು. ಪೂಜ್ಯವಾದ ಆ ಮರಗಳನ್ನು ಮುಟ್ಟುವ ಮಾತು ಹಾಗಿರಲಿ, ಆಫ್ರಿಕ ಮೂಲದ ಬಾವೊಬಾಬ್ ಜಾತಿಯ ಅವುಗಳ ತಿರುಳು ನೀರು ತುಂಬಿದ ಬೆಂಡು, ಮೇಜಿಗೆ ಬಾರದು. ಗಾತ್ರವೇ ಗಟ್ಟಿತನವಲ್ಲ. ಬಂಡಿಯ ಗಾಲಿಗೂ ನೇಗಿಲಿಗೂ ರೈತರು ಆರಿಸಿಕೊಂಡ ಜಾಲಿಯೇ ಇಲ್ಲಿಗೂ ಒಪ್ಪುತ್ತದೆ. ಮೇಲೆ ಹೇಳಿದ ಅಳತೆಯ ಜಾಲಿಯ ಮೇಲ್ಭಾಗವೊಂದೇ ಸುಮಾರು 55 ಕಿಲೋಗ್ರಾಮು ತೂಗುತ್ತದೆ. ಮತ್ತಿಯೂ ಸಾಗುವಾನಿಯೂ ಒಳ್ಳೆಯವೇ. ಹಳೆಯ ಮನೆ ಬಿಚ್ಚಿದಾಗ ಬರುವ ತೊಲೆಗಳು ಸಿಕ್ಕರಂತೂ ಬಿಡಬಾರದು. ಹಲವು ದಶಕಗಳು ಒಣಗಿದ ಮರಕ್ಕೆ ಇನ್ನು ಸೊಟ್ಟಗಾಗುವ ಚಪಲ ಕಡಿಮೆ. ಬಡಿಗನ ಕೀಸುಳಿ ಅದರ ಮೇಲೆ ಓಡುವ ಮುನ್ನ ಹಳೆಯ ಮೊಳೆಗಳನ್ನೆಲ್ಲ ಹುಡುಕಿ ಕೀಳಬೇಕು.

ಇನ್ನು ಈ ಸೀಮೆಗೇ ವಿಶೇಷವಾದ ತೊಡಕಿಗೆ ಬರೋಣ. ಮೇಜನ್ನು ಗೋಡೆಗೆ ಬಿಗಿಯಿರಿ ಎಂದು ಹಲವು ಪುಸ್ತಕಗಳು ಉಪದೇಶಿಸುತ್ತವೆ. ನಾವೂ ಒಮ್ಮೆ ಎರೆಭೂಮಿಯ ಊರೊಂದರಲ್ಲಿ ಹಾಗೆಯೇ ಮಾಡಿದೆವು. ಬೇಸಗೆಯಲ್ಲಿ ನೆಟ್ಟಗೆ ಕಡೆಯುತ್ತಿದ್ದ ಲೇಥು ಶ್ರಾವಣದ ಹೊತ್ತಿಗೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಮಾಡತೊಡಗಿತು. ತಪ್ಪು ಲೇಥಿನದಾಗಿರಲಿಲ್ಲ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜದ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಗೋಡೆಯ ಅಡಿಪಾಯ ಆಳದಲ್ಲಿದ್ದು ಅಷ್ಟಾಗಿ ಕದಲದು. ತೆಳುವಾದ ನೆಲಗಟ್ಟು ಏರಿಳಿಯುತ್ತದೆ. ಎರಡಕ್ಕೂ ಕಟ್ಟುಬಿದ್ದ ಮೇಜು ತಿರುಚಿಕೊಂಡಿತು. ಅದರೊಡನೆ ಲೇಥಿನ ಹಾಸೂ ತಿರುಚಿಕೊಂಡಿತು.

ತಿರುಚು ಎಷ್ಟಿದ್ದರೆ ಕೇಡು? ಹಾಸಿನ ಅಗಲ 100 ಮಿಲಿಮೀಟರು ಎನ್ನೋಣ. ಅದರ ಒಂದು ಮೂಲೆ 0.1 ಮಿಲಿಮೀಟರು, ಎಂದರೆ ಒಂದು ಕಾಗದದ ದಪ್ಪದಷ್ಟು, ತಗ್ಗಿತು. ಹಾಸಿನಿಂದ 90 ಮಿಲಿಮೀಟರು ಎತ್ತರದಲ್ಲಿರುವ ಉಳಿಯ ಮೊನೆ ಆಗ 0.09 ಮಿಲಿಮೀಟರು ಸರಿಯುತ್ತದೆ. ಕಡೆದ ವಸ್ತುವಿನ ವ್ಯಾಸದಲ್ಲಿ ಅದು ಇಮ್ಮಡಿಯಾಗಿ 0.18 ಆಗುತ್ತದೆ. ಬೇರಿಂಗು ಕೂಡುವ ಶಾಫ್ಟಿನಲ್ಲಿ ನೂರನೆಯ ಒಂದೆರಡು ಪಾಲು ಮಿಲಿಮೀಟರಿನ ತಪ್ಪೇ ಹೆಚ್ಚು. ಬಿತ್ತನೆಯ ದಿನಗಳಲ್ಲಿ ಪಂಪು ಕೆಟ್ಟು ಕುಳಿತವನಿಗೆ ಇದು ಬರಿಯ ಅಂಕಿಯಾಟವಲ್ಲ.

ಆದುದರಿಂದ ಎರೆನೆಲದ ಮೇಲೆ ಕಟ್ಟುವ ಮೇಜು ಯಾರ ಆಸರೆಯನ್ನೂ ಬೇಡದೆ ತನ್ನಲ್ಲಿಯೇ ಬಿಗಿಯಾಗಿರತಕ್ಕದ್ದು. ಗೋಡೆಯಿಂದ ಎರಡು ಬೆರಳು ದೂರ ನಿಲ್ಲಿಸಿ, ನಾಲ್ಕು ಕಾಲುಗಳಿಗೂ ದಪ್ಪ ಬೋಲ್ಟಿನ ಪಾದಗಳನ್ನು ಕೊಡಬೇಕು. ಗೋಡೆ ಕೊಡುತ್ತಿದ್ದ ಸ್ಥಿರತೆಯನ್ನು ತೂಕದಿಂದ ಗಳಿಸಬೇಕು. ಕೆಳಗಿನ ಅಂತಸ್ತಿನಲ್ಲಿ ಮರಳಿನ ಚೀಲಗಳನ್ನಿಡಿರಿ, ಮೂಲೆಗೆ ಬಿದ್ದ ಹಳೆಯ ಬೀಸುವ ಕಲ್ಲನ್ನಾದರೂ ಇಡಿರಿ. ಮಳೆಗಾಲದಲ್ಲಿ ಮರವೂ ಉಬ್ಬುವುದರಿಂದ ಲೇಥಿನ ಪಾದಗಳನ್ನು ನೇರವಾಗಿ ಹಲಗೆಗೆ ಬಿಗಿಯದೆ, ನಡುವೆ ದಪ್ಪವಾದ ಉಕ್ಕಿನ ಹಲಗೆಯೊಂದನ್ನು ಹಾಕುವುದು ಲೇಸು.

ರಸಮಟ್ಟ ಇಟ್ಟು ನೋಡಿದರೆ ಸಾಲದು. ಒಂದು ಅಂಗುಲ ದಪ್ಪದ ಸರಳನ್ನು ಚಕ್ಕಿನಲ್ಲಿ ಮಾತ್ರ ಹಿಡಿದು, ಇನ್ನೊಂದು ತುದಿಗೆ ಆಧಾರ ಕೊಡದೆ, ನಾಲ್ಕು ಅಂಗುಲ ಅಂತರದಲ್ಲಿ ಎರಡು ಬಳೆಗಳನ್ನು ಬಿಟ್ಟು ನಡುವಿನದನ್ನು ಕಡೆದುಹಾಕಿರಿ. ಉಳಿಯನ್ನು ಕದಲಿಸದೆ ಎರಡು ಬಳೆಗಳ ಮೇಲೂ ತೆಳ್ಳಗೆ ಒಂದು ಸಲ ಹಾಯಿಸಿ ಮೈಕ್ರೊಮೀಟರಿನಿಂದ ಅಳೆಯಿರಿ. ಹೊರತುದಿಯ ಬಳೆ ದಪ್ಪವಿದ್ದರೆ ಬಾಲದ ಕಡೆಯ ಮುಂದಿನ ಪಾದದಡಿ ತೆಳುವಾದ ತಗಡಿನ ಚೂರು ಸೇರಿಸಬೇಕು. ಸಣ್ಣದಿದ್ದರೆ ಹಿಂದಿನ ಪಾದದಡಿ. ಎರಡೂ ಸಮವಾಗುವವರೆಗೆ ಇದನ್ನೇ ಮಾಡುವುದು.

ಹಾನಗಲ್ಲಿನ ಪಡುವಲ ಕೆಂಪುನೆಲದಲ್ಲಿ ವರ್ಷಕ್ಕೊಮ್ಮೆ ಈ ಪರೀಕ್ಷೆ ನಡೆದರೆ ಸಾಕು. ಸವಣೂರು, ಶಿಗ್ಗಾಂವಿ, ಹಿರೇಕೆರೂರುಗಳ ಎರೆಯಲ್ಲಿ ಮನೆಯುಳ್ಳವರು ಮುಂಗಾರು ನೆಲೆನಿಂತಾಗ ಒಮ್ಮೆ, ಹೊಲ ಬಿರಿಯತೊಡಗಿದಾಗ ಮತ್ತೊಮ್ಮೆ ಮಾಡಬೇಕು. ತೆಗೆದ ತಗಡಿನ ಚೂರುಗಳನ್ನು ಎಸೆಯಬೇಡಿರಿ. ಯಾವ ಪಾದದ್ದು, ಯಾವ ತಿಂಗಳಿನದು ಎಂದು ಗೀಚಿ ಮೇಜಿನ ಕಾಲಿಗೆ ತೂಗುಹಾಕಿದ ಡಬ್ಬಿಯಲ್ಲಿಡಿರಿ. ಮುಂದಿನ ಮಳೆಗಾಲಕ್ಕೆ ಬಹುಮಟ್ಟಿಗೆ ಅವೇ ಬೇಕಾಗುತ್ತವೆ.