ದೂರದ ದನಿ ಮತ್ತು ಮನೆಯ ಗದ್ದಲ

ಆಂಟೆನಾ ಎಂಬ ಮಾತಿನ ಹುಟ್ಟು ಕಡಲಿನಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ ಹಡಗಿನ ಹಾಯಿಯನ್ನು ಕಟ್ಟುವ ಅಡ್ಡಮರಕ್ಕೆ ಆ ಹೆಸರಿತ್ತು. ಮುಂದೆ ಅದು ಕೀಟಗಳ ಮೀಸೆಗೆ ಸಂದಿತು; ರೇಡಿಯೋ ಹುಟ್ಟಿದ ಮೇಲೆ ಗಾಳಿಗೆ ಚಾಚಿದ ತಂತಿಗೂ ಸಂದಿತು. ಕುಂದಾಪುರದ ಕೋಡಿಯಲ್ಲಿ ಕುಳಿತು ಪರದೇಶದ ಬಾನುಲಿಯನ್ನು ಕೇಳುವ ನನ್ನಂಥವನಿಗೆ ಈ ಪದದ ಚರಿತ್ರೆ ಪ್ರಿಯವಾದದ್ದು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿಯ ನೀರು, ಅಳಿವೆಯ ಆಚೆಗೆ ಗಂಗೊಳ್ಳಿ. ಇವುಗಳ ನಡುವೆ ಚಾಚಿಕೊಂಡ ಮರಳ ನೆಲವೇ ಕೋಡಿ. ಕೋಡಿ ಎಂದರೆ ತುದಿ. ಇಂಥ ತುದಿಯಲ್ಲಿ ಹ್ರಸ್ವತರಂಗವನ್ನು, ಎಂದರೆ ರೂಢಿಯ ಮಾತಿನ ಶಾರ್ಟ್‌ವೇವನ್ನು, ಹಿಡಿಯಲು ಎಂಥ ಆಂಟೆನಾ ತಕ್ಕದ್ದು ಎಂಬುದು ಇಂದಿನ ವಿಷಯ.

ವಾಲ್ವ್ ರೇಡಿಯೋಗಳ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಎರಡು ತೆಂಗಿನ ಮರಗಳ ನಡುವೆ ತಾಮ್ರದ ತಂತಿಯನ್ನು ಎಳೆದು ಕಟ್ಟುತ್ತಿದ್ದರು. ಅಷ್ಟು ಜಾಗವಿಲ್ಲದವರು ಗೋಡೆಯಿಂದ ಗೋಡೆಗೆ ಜಾಲರಿಯ ಪಟ್ಟಿಯನ್ನು ತೂಗುಹಾಕುತ್ತಿದ್ದರು. ಅದನ್ನು ಎಲ್ಲರೂ ಏರಿಯಲ್ ಎಂದೇ ಕರೆದರು. ಆಗ ಕೇಂದ್ರಗಳೂ ಬಹಳ, ಅವುಗಳ ಬಲವೂ ಬಹಳ. ಈಗ ಸ್ಥಿತಿ ಬೇರೆಯಾಗಿದೆ. ರೇಡಿಯೋ ನೆದರ್‌ಲ್ಯಾಂಡ್ಸ್ 2012ರಲ್ಲಿ ಹ್ರಸ್ವತರಂಗವನ್ನು ಬಿಟ್ಟಿತು. ಬಿಬಿಸಿಯ ಹಿಂದಿ ಪ್ರಸಾರ 2020ರ ಜನವರಿ 31ರಂದು ಹ್ರಸ್ವತರಂಗದಲ್ಲಿ ಕೊನೆಗೊಂಡಿತು. ಆದರೂ ಈ ಮಾರ್ಗಕ್ಕೆ ಬೆಲೆಯಿಲ್ಲವೆಂದು ತಿಳಿಯಬಾರದು. ಉಕ್ರೇನಿನ ಯುದ್ಧ ಹೊತ್ತಿಕೊಂಡ ಬಳಿಕ 2022ರ ಮಾರ್ಚಿನಲ್ಲಿ ಅದೇ ಬಿಬಿಸಿ ಉಕ್ರೇನಿಗೂ ರಷ್ಯದ ಕೆಲವು ಭಾಗಗಳಿಗೂ ದಿನಕ್ಕೆ ನಾಲ್ಕು ಗಂಟೆಗಳ ಹ್ರಸ್ವತರಂಗ ಪ್ರಸಾರವನ್ನು ಹೊಸದಾಗಿ ತೊಡಗಿಸಿತು. ನಡುವೆ ಯಾರ ತಂತಿಯೂ ಯಾರ ಅಪ್ಪಣೆಯೂ ಇಲ್ಲದೆ ದೇಶದಿಂದ ದೇಶಕ್ಕೆ ನೇರವಾಗಿ ಮಾತು ತಲಪುವ ದಾರಿ ಇದು. ಗಲ್ಫಿಗೆ ದುಡಿಯಲು ಹೋದ ನಮ್ಮ ಕರಾವಳಿಯವರಿಗೆ ಆಕಾಶವಾಣಿಯ ವಿದೇಶ ಸೇವೆಯ ಕನ್ನಡ ಕೇಳಿಸುತ್ತಿದ್ದುದೂ ಈ ದಾರಿಯಲ್ಲಿಯೇ. ಉಳಿದಿರುವ ದನಿಗಳು ಕೆಲವೇ ಆದುದರಿಂದ, ಅವುಗಳಲ್ಲಿ ಕ್ಷೀಣವಾದವನ್ನೂ ಹಿಡಿಯಬೇಕೆಂಬ ಆಸೆ ಕೇಳುಗನಿಗೆ ಸಹಜ.

ಆ ಆಸೆಯ ಬೆನ್ನಿಗೆ ಬರುವ ಸರಕೇ ಸಕ್ರಿಯ ಆಂಟೆನಾ. 6 ಮೆಗಾಹರ್ಟ್ಸ್‌ನ ಅಲೆಯ ಉದ್ದ 50 ಮೀಟರು. ಅದರ ಅರ್ಧದಷ್ಟು ತಂತಿಯೆಂದರೂ 25 ಮೀಟರು ಬೇಕು. ಅಂಗಳವಿಲ್ಲದ ಮನೆಯವನು ಅಷ್ಟನ್ನು ಎಲ್ಲಿ ಕಟ್ಟಿಯಾನು? ಸಕ್ರಿಯ ಆಂಟೆನಾದಲ್ಲಿ ಒಂದು ಮೀಟರಿನ ಕಡ್ಡಿಯೋ ಬಳೆಯೋ ಇರುತ್ತದೆ. ಅದರ ಬುಡದಲ್ಲಿಯೇ ಒಂದು ಪುಟ್ಟ ವರ್ಧಕವಿರುತ್ತದೆ. ವರ್ಧಕವನ್ನು ರೇಡಿಯೋದ ಹತ್ತಿರ ಇಡದೆ ಬುಡದಲ್ಲಿಯೇ ಇಡುವುದಕ್ಕೆ ಕಾರಣವಿದೆ. ಗಿಡ್ಡನೆಯ ಕಡ್ಡಿ ಸುಮಾರು 10 ಪಿಕೊಫ್ಯಾರಡಿನ ಸಣ್ಣ ಕೆಪಾಸಿಟರಿನಂತೆ ವರ್ತಿಸುತ್ತದೆ. ಸಾಮಾನ್ಯ ಕೋಯಾಕ್ಸಿಯಲ್ ಕೇಬಲ್ಲಿನ ಒಂದೊಂದು ಮೀಟರಿಗೂ ಸುಮಾರು 100 ಪಿಕೊಫ್ಯಾರಡ್ ಇರುವುದರಿಂದ, ಕಡ್ಡಿಯನ್ನು ನೇರವಾಗಿ ಕೇಬಲ್ಲಿಗೆ ಬೆಸೆದರೆ ಸಿಕ್ಕಿದ್ದೆಲ್ಲ ಕೇಬಲ್ಲಿನಲ್ಲಿಯೇ ಕರಗಿಹೋಗುತ್ತದೆ. ಕಡ್ಡಿಗೆ ಭಾರವಾಗದಂತೆ ಅದರ ಮಾತನ್ನು ಕೇಳಿಕೊಂಡು ಕೇಬಲ್ಲಿಗೆ ಗಟ್ಟಿಯಾಗಿ ಹೇಳುವ ದ್ವಿಭಾಷಿಯ ಕೆಲಸ ವರ್ಧಕದ್ದು.

ಇಷ್ಟು ಗಿಡ್ಡ ಕಡ್ಡಿ 25 ಮೀಟರಿನ ತಂತಿಗೆ ಸಮವಾಗಬಲ್ಲುದೆ? ಆಗಬಲ್ಲುದು. 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಆಕಾಶವೇ ಗದ್ದಲದಿಂದ ತುಂಬಿದೆ. ಎಲ್ಲಿಯೋ ಹೊಡೆಯುವ ಸಿಡಿಲುಗಳ ಸದ್ದು ಅಯಾನುಗೋಳದಲ್ಲಿ ಪ್ರತಿಫಲಿಸಿ ಸಾವಿರಾರು ಮೈಲಿ ಬರುತ್ತದೆ. ಮನುಷ್ಯನ ಯಂತ್ರಗಳ ಸದ್ದು ಅದಕ್ಕೆ ಸೇರುತ್ತದೆ. ಉದ್ದ ತಂತಿ ಕೇಂದ್ರದ ದನಿಯನ್ನು ಹೆಚ್ಚಾಗಿ ಹಿಡಿದಂತೆ ಈ ಗದ್ದಲವನ್ನೂ ಹೆಚ್ಚಾಗಿ ಹಿಡಿಯುತ್ತದೆ. ಗಿಡ್ಡ ಕಡ್ಡಿ ಎರಡನ್ನೂ ಕಡಮೆ ಹಿಡಿಯುತ್ತದೆ. ಇವೆರಡರ ಅನುಪಾತ ಬದಲಾಗುವುದಿಲ್ಲ. ವರ್ಧಕದ ಸ್ವಂತ ಸುಯ್ಲು ಆಕಾಶದ ಗದ್ದಲಕ್ಕಿಂತ ಕೆಳಗಿದ್ದರೆ ಸಾಕು, ಕಿವಿಗೆ ಎರಡೂ ಒಂದೇ. ಆದುದರಿಂದ ಅಂಗಡಿಯವನು ಇಷ್ಟು ಡೆಸಿಬಲ್ ವರ್ಧನೆಯೆಂದು ಹೆಮ್ಮೆಯಿಂದ ಹೇಳಿದಾಗ ಮರುಳಾಗಬೇಕಿಲ್ಲ. ದನಿಯ ಜೊತೆಗೆ ಗದ್ದಲವೂ ಅಷ್ಟೇ ಬೆಳೆಯುತ್ತದೆ. ನಾವು ಆರಿಸುವುದು ಬಲವನ್ನಲ್ಲ, ನಿಶ್ಶಬ್ದವನ್ನು. ಈ ಒಂದು ಮಾತನ್ನು ಒಪ್ಪಿದರೆ ಉಳಿದ ಆಯ್ಕೆಗಳೆಲ್ಲ ತಾವಾಗಿ ತಿಳಿಯಾಗುತ್ತವೆ.

ನಿಶ್ಶಬ್ದ ಎಲ್ಲಿದೆ ಎಂದು ತಿಳಿಯಲು ಹಣ ಬೇಕಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದ ಹೊತ್ತಿಗೆ ಬ್ಯಾಟರಿಯ ಟ್ರಾನ್ಸಿಸ್ಟರನ್ನು ಹಚ್ಚಿ ಕೇಳಬೇಕು. ಅದುವರೆಗೆ ಗುಂಯ್‌ಗುಡುತ್ತಿದ್ದ 49 ಮೀಟರ್ ಪಟ್ಟಿ ಥಟ್ಟನೆ ತೆರೆದುಕೊಂಡರೆ, ಶತ್ರು ಮನೆಯೊಳಗೇ ಇದ್ದಾನೆ: ಎಲ್‌ಇಡಿ ದೀಪ, ಮೊಬೈಲ್ ಚಾರ್ಜರು, ಇನ್ವರ್ಟರು, ಟಿವಿಯ ಪೆಟ್ಟಿಗೆ. ಕರೆಂಟು ಬಂದ ಮೇಲೆ ಅದೇ ಟ್ರಾನ್ಸಿಸ್ಟರನ್ನು ಹಿಡಿದು ಹಿತ್ತಿಲಲ್ಲಿ ನಡೆದಾಡಿದರೆ ಗದ್ದಲ ತಗ್ಗುವ ಒಂದು ಮೂಲೆ ಸಿಕ್ಕುತ್ತದೆ. ಆಂಟೆನಾಕ್ಕೆ ಅದೇ ಜಾಗ. ಮಾಡಿನ ತುದಿಗೆ ಏರಿಸುವುದಕ್ಕಿಂತ ಮನೆಯಿಂದ 15–20 ಮೀಟರು ದೂರಕ್ಕೆ ಒಯ್ಯುವುದು ಅನೇಕ ವೇಳೆ ಹೆಚ್ಚು ಫಲ ಕೊಡುತ್ತದೆ.

ಇನ್ನು ಕಡ್ಡಿಯೋ ಬಳೆಯೋ ಎಂಬ ಪ್ರಶ್ನೆ. ನೆಟ್ಟಗೆ ನಿಂತ ಕಡ್ಡಿ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಕೇಳುತ್ತದೆ. ದಿಗಂತಕ್ಕೆ ಹತ್ತಿರದ ಕೋನದಲ್ಲಿ ಬರುವ ಅಲೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಎದುರಿಗೆ ಉಪ್ಪುನೀರಿನ ಹರವಿದ್ದರೆ ಆ ಗುಣ ಇಮ್ಮಡಿಸುತ್ತದೆ. ಕಡಲತಡಿಗೆ ಹತ್ತಿರವಾಗಿ ಕಡ್ಡಿಯನ್ನು ನೆಡಬಲ್ಲವನಿಗೆ ಅರೇಬಿಯಾ, ಆಫ್ರಿಕಾಗಳ ದಿಕ್ಕು ತೆರೆದೇ ಇರುತ್ತದೆ. ಆದರೆ ಕಡ್ಡಿಗೆ ಒಂದು ದೌರ್ಬಲ್ಯವಿದೆ. ಅದಕ್ಕೆ ಭೂಮಿಯ ಆಸರೆ ಬೇಕು. ಆಸರೆಯಿಲ್ಲದಿದ್ದರೆ ಅದು ಕೇಬಲ್ಲಿನ ಹೊರಕವಚವನ್ನೇ ಭೂಮಿಯೆಂದು ಹಿಡಿದುಕೊಂಡು ಮನೆಯ ಗದ್ದಲವನ್ನೆಲ್ಲ ಎಳೆದುಕೊಳ್ಳುತ್ತದೆ. ಅದಕ್ಕಾಗಿ ಕಡ್ಡಿಯ ಬುಡದಲ್ಲಿ ತಾಮ್ರದ ಸರಳನ್ನು ನೆಲಕ್ಕೆ ಹೊಡೆದು ಕವಚವನ್ನು ಅದಕ್ಕೆ ಸೇರಿಸಬೇಕು; ಕೇಬಲ್ಲನ್ನು ಫೆರೈಟ್ ಉಂಗುರದಲ್ಲಿ ಹಲವು ಸುತ್ತು ಸುತ್ತಬೇಕು. ಒಣ ಮರಳು ವಿದ್ಯುತ್ತಿಗೆ ಒಳ್ಳೆಯ ಆಸರೆಯಲ್ಲ. ಕೋಡಿಯಂಥಲ್ಲಿ ಸರಳು ಮರಳನ್ನು ದಾಟಿ ತೇವದ ಪದರವನ್ನು ಮುಟ್ಟಬೇಕು.

ಬಳೆಯಾಕಾರದ ಆಂಟೆನಾ ಅಲೆಯ ಕಾಂತಕ್ಷೇತ್ರಕ್ಕೆ ಸ್ಪಂದಿಸುತ್ತದೆ. ಅದಕ್ಕೆ ಭೂಮಿಯ ಹಂಗು ಕಡಮೆ. ಬಳೆಯ ಅಂಚು ಯಾವ ದಿಕ್ಕಿಗಿದೆಯೋ ಆ ಕಡೆಯಿಂದ ಚೆನ್ನಾಗಿ ಕೇಳುತ್ತದೆ. ಮುಖ ತಿರುಗಿದ ದಿಕ್ಕಿಗೆ ಕಿವುಡಾಗುತ್ತದೆ. ಈ ಕಿವುಡೇ ಅದರ ವರ. ನೆರೆಮನೆಯಿಂದ ಬರುವ ಗದ್ದಲದ ಕಡೆಗೆ ಬಳೆಯ ಮುಖವನ್ನು ತಿರುಗಿಸಿದರೆ ಗದ್ದಲ ಕುಗ್ಗುತ್ತದೆ. ಅಯಾನುಗೋಳದಿಂದ ಓರೆಯಾಗಿ ಇಳಿಯುವ ದೂರದ ದನಿಗೆ ಅಷ್ಟು ಹಾನಿಯಾಗುವುದಿಲ್ಲ. ಆದುದರಿಂದ ನನ್ನನ್ನು ಕೇಳಿದರೆ, ತೋಟದ ಕೊನೆಗೆ ಒಯ್ಯಬಲ್ಲವನು ಕಡ್ಡಿಯನ್ನು ಆರಿಸಲಿ. ಮನೆಗೆ ಮನೆ ತಾಗಿದ ಕುಂದಾಪುರದ ಪೇಟೆಯವನು ಬಳೆಯನ್ನು ಆರಿಸಲಿ.

ಕೊಳ್ಳುವ ಮುನ್ನ ನೋಡಬೇಕಾದ ಇನ್ನೊಂದು ಗುಣ, ಬಲವಾದ ದನಿಯನ್ನು ತಾಳಿಕೊಳ್ಳುವ ಶಕ್ತಿ. 1976ರಲ್ಲಿ ಮಂಗಳೂರು ಆಕಾಶವಾಣಿ ಹುಟ್ಟಿದಾಗ ಅದರ ಮಧ್ಯಮ ತರಂಗದ ಪ್ರೇಷಕವನ್ನು ಸ್ಥಾಪಿಸಿದ್ದು ಬ್ರಹ್ಮಾವರದಲ್ಲಿ. ಅದರ ಆವರ್ತನ 1089 ಕಿಲೋಹರ್ಟ್ಸ್. ಕೋಡಿಗೂ ಬ್ರಹ್ಮಾವರಕ್ಕೂ ದೂರ ಹೆಚ್ಚಿಲ್ಲ. ಇಂಥ ಪ್ರೇಷಕದ ಆಸುಪಾಸಿನಲ್ಲಿ ಅಗ್ಗದ ವರ್ಧಕವನ್ನು ಇಟ್ಟರೆ ಅದು ತಬ್ಬಿಬ್ಬಾಗಿ ಇಲ್ಲದ ಕೇಂದ್ರಗಳನ್ನು ತಾನೇ ಸೃಷ್ಟಿಸುತ್ತದೆ: 1089ರ ಇಮ್ಮಡಿ 2178ರಲ್ಲಿ, ಮುಮ್ಮಡಿ 3267ರಲ್ಲಿ. ಎರಡು ಬಲವಾದ ಕೇಂದ್ರಗಳಿದ್ದರೆ ಅವುಗಳ ಮಿಶ್ರಣವೂ ಹ್ರಸ್ವತರಂಗದ ಪಟ್ಟಿಯಲ್ಲಿ ಅಲ್ಲಲ್ಲಿ ತಲೆಯೆತ್ತುತ್ತದೆ. 5 ವೋಲ್ಟಿನಲ್ಲಿ ನಡೆಯುವ ವರ್ಧಕಕ್ಕಿಂತ 12 ವೋಲ್ಟಿನಲ್ಲಿ ಧಾರಾಳವಾಗಿ ಕರೆಂಟು ಕುಡಿಯುವ ವರ್ಧಕ ಸಾಮಾನ್ಯವಾಗಿ ಇದನ್ನು ಹೆಚ್ಚು ತಾಳುತ್ತದೆ. ಮಧ್ಯಮ ತರಂಗವನ್ನು ತಡೆಯುವ ಫಿಲ್ಟರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಜೇಬಿನಲ್ಲಿ ಹಿಡಿಯುವ ರೇಡಿಯೋಗಳಂತೂ ತಮ್ಮ ಕಡ್ಡಿಗೆ ಸಿಕ್ಕುವಷ್ಟಕ್ಕೇ ಹೇಳಿ ಮಾಡಿಸಿದವು. ಅವಕ್ಕೆ ಸಕ್ರಿಯ ಆಂಟೆನಾ ಜೋಡಿಸಿದರೆ ಲಾಭಕ್ಕಿಂತ ಗೊಂದಲವೇ ಹೆಚ್ಚು.

ವರ್ಧಕಕ್ಕೆ ಬೇಕಾದ ವಿದ್ಯುತ್ತನ್ನು ಮೊಬೈಲ್ ಚಾರ್ಜರಿನಂಥ ಸ್ವಿಚಿಂಗ್ ಅಡಾಪ್ಟರಿನಿಂದ ಕೊಡಬಾರದು. ಗದ್ದಲವನ್ನು ದೂರ ಮಾಡಲು ಹೊರಟವನು ಅದನ್ನು ಕೇಬಲ್ಲಿನಲ್ಲಿ ತಾನೇ ಹರಿಸಿದಂತಾಗುತ್ತದೆ. 12 ವೋಲ್ಟಿನ ಬ್ಯಾಟರಿ ಉತ್ತಮ. ಹಳೆಯ ಬಗೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರು ಮಧ್ಯಮ.

ಕರಾವಳಿಯಲ್ಲಿ ಉಪ್ಪುಗಾಳಿಯ ಕಾಟ ಬೇರೆ. ಕಬ್ಬಿಣದ ಮೊಳೆಯೊಂದು ಒಂದು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಜೋಡಣೆ ಚರಪರ ಸದ್ದಿಗೆ ಮೂಲ. ಸ್ಟೇನ್‌ಲೆಸ್ ತಿರುಪು, ನೀರು ನುಗ್ಗದ ಪೆಟ್ಟಿಗೆ, ಕೇಬಲ್ಲಿನ ಬಾಯಿಗೆ ರಬ್ಬರ್ ಟೇಪು, ಕಂಬಕ್ಕೆ ಪಿವಿಸಿ ಪೈಪು—ಇಷ್ಟು ಬೇಕೇ ಬೇಕು. ಏಪ್ರಿಲ್‌, ಮೇ ತಿಂಗಳ ಸಂಜೆಗಳಲ್ಲಿಯೂ ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿಯೂ ಗುಡುಗು ದೂರದಲ್ಲಿರುವಾಗಲೇ ಕೇಬಲ್ಲನ್ನು ರೇಡಿಯೋದಿಂದ ಕಳಚಿ ಹೊರಗಿಡಬೇಕು. ಸಿಡಿಲು ತಲೆಯ ಮೇಲೆ ಬಂದಾಗ ಕೇಬಲ್ಲಿಗೆ ಕೈಹಾಕುವುದು ಪ್ರಾಣಕ್ಕೇ ಅಪಾಯ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ. ಹಿತ್ತಿಲಿನಲ್ಲಿ 10 ಮೀಟರು ತಂತಿ ಎಳೆಯಲು ಜಾಗವೂ ನಿಶ್ಶಬ್ದವೂ ಇರುವವನು ಮೊದಲು ಅದನ್ನೇ ಎಳೆದು, ಹಗಲು 19 ಮೀಟರ್ ಪಟ್ಟಿಯಲ್ಲಿಯೂ ಇರುಳು 49 ಮೀಟರ್ ಪಟ್ಟಿಯಲ್ಲಿಯೂ ಒಂದು ವಾರ ಕೇಳಲಿ. ಕೇಳಿದ ಕೇಂದ್ರ, ಹೊತ್ತು, ಗದ್ದಲದ ಬಗೆ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಆ ಬರಹವನ್ನು ಮುಂದಿಟ್ಟುಕೊಂಡು ಅಂಗಡಿಗೆ ಹೋದರೆ ತನಗೆ ಏನು ಬೇಕೆಂಬುದು ಅಂಗಡಿಯವನಿಗಿಂತ ಚೆನ್ನಾಗಿ ಅವನಿಗೇ ತಿಳಿದಿರುತ್ತದೆ. ಕೆಲವರಿಗೆ ಅಂಗಡಿಗೆ ಹೋಗುವ ಅಗತ್ಯವೇ ಕಾಣದಿರಲೂಬಹುದು.